ಅರ್ಧ ಸುತ್ತು ಜಾಸ್ತಿ

"ಐಡ್ಲಿಂಗ್ ನಿಲ್ತಿಲ್ಲ."

ಮೂರು ವರ್ಷ ಮುಖ ತೋರಿಸದೆ ಇದ್ದವನು ಬಂದು ಆಡಿದ ಮೊದಲ ಮಾತು ಇದು. ಹೇಗಿದ್ದೀಯ ಅನ್ನಲಿಲ್ಲ, ತಪ್ಪಾಯ್ತು ಅನ್ನಲಿಲ್ಲ. ಐಡ್ಲಿಂಗ್ ನಿಲ್ಲುತ್ತಿಲ್ಲವಂತೆ, ನಿಂತ ಗಾಡಿಯ ಎಂಜಿನ್ ಒಂದೇ ಸಮನೆ ಓಡುತ್ತಿಲ್ಲವಂತೆ!

ನಾನು ಬೆಂಚಿನ ಮುಂದೆ ಒಂದು ಸ್ಕೂಟರಿನ ಕಾರ್ಬುರೇಟರ್ ಬಿಚ್ಚಿ ಹರಡಿಕೊಂಡು ಕೂತಿದ್ದೆ. ಕೈತುಂಬ ಪೆಟ್ರೋಲು, ಮೂಗಿನ ಮೇಲೆ ಮಸಿ, ತಲೆಗೆ ಅಪ್ಪನ ಹಳೇ ಟವೆಲ್ಲು. ಇವನು ಎಂದಾದರೂ ಎದುರಿಗೆ ಬಂದರೆ ನಾನು ಹೇಗಿರಬೇಕು ಎಂದು ಎಷ್ಟು ಸಲ ಯೋಚಿಸಿದ್ದೆ! ಇಸ್ತ್ರಿ ಮಾಡಿದ ಬಟ್ಟೆ, ನೀಟಾಗಿ ಬಾಚಿದ ತಲೆ, ಸಾಧ್ಯವಾದರೆ ಪಕ್ಕದಲ್ಲಿ ಇವನಿಗಿಂತ ಎತ್ತರದ ಒಬ್ಬ ಗಂಡಸು. ಕೊನೆಗೆ ಸಿಕ್ಕಿದ್ದು ಮೂಗಿನ ಮೇಲಿನ ಮಸಿ. ನನ್ನ ಹಣೆಬರಹವೇ ಇಷ್ಟು.

"ಹೇಳಿ ಸರ್," ಅಂದೆ. "ಯಾವಾಗಿಂದ ಈ ಕಂಪ್ಲೇಂಟು?"

ಆ "ಸರ್" ಅವನಿಗೆ ನಾಟಿತು. ಹುಬ್ಬು ಸ್ವಲ್ಪ ಮೇಲೆದ್ದು ಇಳಿಯಿತು. ನನಗೆ ಖುಷಿಯಾಯಿತು.

ಒಂದು ಕಾಲದಲ್ಲಿ ಈ ಬೀದಿ ಇವನನ್ನು ಸಣ್ಣ ಮೇಸ್ತ್ರಿ ಅನ್ನುತ್ತಿತ್ತು. ದೊಡ್ಡ ಮೇಸ್ತ್ರಿ ನನ್ನ ಅಪ್ಪ. ಕಾರ್ಬುರೇಟರ್ ಕೆಲಸಕ್ಕೆ ಅಪ್ಪನ ಹತ್ತಿರ ಒಂದೇ ಪಾಠ: ಕಣ್ಣು ಮುಚ್ಚು, ಎಂಜಿನ್ ಕೇಳು. ನನ್ನನ್ನೂ ಇವನನ್ನೂ ಒಂದೇ ಬೆಂಚಿನ ಆಚೆ ಈಚೆ ಕೂರಿಸಿ ಕಲಿಸಿದರು. ಮೀಟರ್ ಇಲ್ಲ, ಗೇಜ್ ಇಲ್ಲ, ಕಿವಿಯೇ ಎಲ್ಲ. ಕಲಿಯುತ್ತ ಕಲಿಯುತ್ತ ಬೆಂಚಿನ ಆಚೆಯಿಂದ ಇವನು ನನ್ನನ್ನು ನೋಡುವುದು, ನಾನು ನೋಡದವಳ ಹಾಗೆ ನೋಡುವುದು ಶುರುವಾಯಿತು. ಅಪ್ಪನಿಗೆ ಗೊತ್ತಿತ್ತು. ಒಂದು ದಿನ ಬೀದಿಯವರೆಲ್ಲ ಇದ್ದಾಗ ಇವನ ಭುಜ ತಟ್ಟಿ ಅಪ್ಪ ಹೇಳಿಯೇಬಿಟ್ಟರು: "ಇವನ ಕಿವಿ ನನ್ನದಕ್ಕಿಂತ ಚುರುಕು. ಈ ಬೆಂಚೂ ಇವನದೇ, ನನ್ನ ಮಗಳೂ ಇವನವಳೇ."

ಮಾರನೆಯ ಬೆಳಿಗ್ಗೆ ಇವನು ಬರಲಿಲ್ಲ. ಮುಖ್ಯರಸ್ತೆಯ ದೊಡ್ಡ ಷೋರೂಮಿನಲ್ಲಿ ಕೆಲಸಕ್ಕೆ ಸೇರಿದ ಸುದ್ದಿ ಮಾತ್ರ ಬಂತು, ಅದೂ ಪಕ್ಕದ ಅಂಗಡಿಯ ಪಂಕ್ಚರ್ ಚಿಕ್ಕಪ್ಪನ ಬಾಯಿಂದ. ಚಿಕ್ಕಪ್ಪನ ಬಾಯಿಗೆ ಬಿದ್ದ ಮೇಲೆ ಇಡೀ ಊರಿಗೆ ಬಿದ್ದ ಹಾಗೆಯೇ. ನಾನು ಅವತ್ತು ಹೊಸ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಹೋಗಿ ಬಿಚ್ಚಿಟ್ಟು, ಮತ್ತೆ ಅದನ್ನು ಮುಟ್ಟಲಿಲ್ಲ. ಷೋರೂಮಿಗೆ ಹೋಗಿ ಕಾಲರ್ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ನನಗೂ ಮಾನ ಮರ್ಯಾದೆ ಇದೆ. ಅವನ ನಂಬರು ಅಳಿಸಿದೆ. ಅಪ್ಪ ಅವನ ಸುದ್ದಿ ಎತ್ತಬೇಡ ಎಂದರು. ನಾನು ಎತ್ತಲಿಲ್ಲ. ಮನಸ್ಸಿನಲ್ಲಿ ದಿನಾ ಎತ್ತಿ ದಿನಾ ನೆಲಕ್ಕೆ ಹೊಡೆದೆ.

ಈಗ ಅವನೇ ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತ. ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಸ್ಟೂಲನ್ನು ಸ್ವಲ್ಪ ಸರಿಸಿಕೊಂಡ.

"ನಾಳೆ ಬೆಳಿಗ್ಗೆ ಟ್ರೈನಿಂಗ್ ಸೆಂಟರ್‌ನಲ್ಲಿ ಈ ಬೈಕನ್ನ ಸ್ಟಾರ್ಟ್ ಮಾಡಿ ತೋರಿಸ್ಬೇಕು," ಅಂದ. "ಷೋರೂಮಲ್ಲಿ ಈಗ ಕಾರ್ಬುರೇಟರ್ ಗಾಡಿನೇ ಇಲ್ಲ, ಎಲ್ಲಾ ಕಂಪ್ಯೂಟರೇ ಹದ ಮಾಡೋ ಇಂಜೆಕ್ಷನ್. ನನ್ನನ್ನ ತೆಗೆದ್ರು. ಸೆಂಟರ್‌ನವರು ಪಾಠ ಮಾಡೋಕೆ ಒಬ್ರು ಬೇಕು ಅಂದಿದ್ದಾರೆ. ನಾಳೆ ಊರಿನ ಮೆಕ್ಯಾನಿಕ್‌ಗಳೆಲ್ಲ ಬರ್ತಾರೆ. ಅವರ ಮುಂದೆ ಪಾಸಾದ್ರೆ ಕೆಲಸ, ಇಲ್ಲಾಂದ್ರೆ ಮನೆ."

ದೇವರು ಕಣ್ಣು ಬಿಟ್ಟ! ಊರಿನ ಮೆಕ್ಯಾನಿಕ್‌ಗಳೆಲ್ಲ ಬರುತ್ತಾರಂತೆ. ಯಾರ ಮುಂದೆ ಅಪ್ಪ ನನ್ನನ್ನು ಇವನಿಗೆ ಕೊಟ್ಟಿದ್ದರೋ, ಯಾರ ಮುಂದೆ ನಾನು ಬೇಡದ ವಸ್ತುವಾದೆನೋ, ಅದೇ ಜನ.

"ಆಗಲಿ ಸರ್," ಅಂದೆ, ನಗುನಗುತ್ತ. "ಫಸ್ಟ್ ಕ್ಲಾಸಾಗಿ ಮಾಡಿಕೊಡೋಣ."

ಅವನ ಬೈಕಿನ ಕಾರ್ಬುರೇಟರ್ ಇಳಿಸಿ ಕೆಳಗಿನ ಬಟ್ಟಲು ಬಿಚ್ಚಿದೆ. ಹಳೆಯ ಪೆಟ್ರೋಲು ಅಂಟುಅಂಟಾಗಿ ತಳ ಹಿಡಿದಿತ್ತು. ಪೆಟ್ರೋಲು ಹಾಯುವ ಎರಡು ಹಿತ್ತಾಳೆ ಜೆಟ್ ಹೊರಗೆ ತೆಗೆದು ಕ್ಲೀನರಿನಲ್ಲಿ ನೆನೆಹಾಕಿದೆ. ಸಣ್ಣ ಜೆಟ್ಟಿನ ತೂತು ಕೂದಲೆಳೆಯಷ್ಟು. ಅದಕ್ಕೆ ತಂತಿ ತೂರಿಸಿದರೆ ಹಿತ್ತಾಳೆ ಸವೆದು ತೂತು ದೊಡ್ಡದಾಗುತ್ತದೆ, ಆಮೇಲೆ ಜೆಟ್ ಕಸಕ್ಕೆ. ನೈಲಾನ್ ದಾರದಲ್ಲಿ ಬಿಡಿಸಿ, ಗಾಳಿ ಹೊಡೆದು, ಬಲ್ಬಿಗೆ ಹಿಡಿದು ನೋಡಿದೆ. ತೂತಿನ ಆಚೆ ಬೆಳಕು ಕಂಡಿತು.

ಕಣ್ಣೆತ್ತಿದರೆ ಇವನು ನನ್ನ ತುಟಿಯನ್ನೇ ನೋಡುತ್ತಿದ್ದಾನೆ!

"ಏನು ನೋಡ್ತಿದ್ದೀರಿ ಸರ್?"

"ಏನಿಲ್ಲ. ನೀನು ಏನಾದ್ರೂ ಹೇಳ್ತೀಯೇನೋ ಅಂತ."

"ನಾನೇನು ಹೇಳಲಿ? ಕೂದಲು ಬಿಟ್ಟಿದ್ದೀರಲ್ಲ, ಷೋರೂಮಲ್ಲಿ ಕತ್ತರಿ ಇರ್ಲಿಲ್ವಾ?"

ಅವನು ಕಿವಿ ಮುಚ್ಚುವ ಹಾಗೆ ಇಳಿಬಿಟ್ಟಿದ್ದ ಕೂದಲನ್ನು ಸರಿಮಾಡಿಕೊಂಡ. "ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಜೋಕರ್ ಥರ."

"ನೀನು ಮಾತ್ರ ಹಾಗೇ ಇದ್ದೀಯ," ಅಂದ. "ಮೂಗಿನ ಮೇಲೆ ಮಸಿ."

ಎಷ್ಟು ಕೊಬ್ಬು ನೋಡಿ! ನನ್ನ ಕೆನ್ನೆ ಬಿಸಿಯಾಯಿತು. ಸಿಟ್ಟಿಗೋ ಬೇರೆ ಯಾತಕ್ಕೋ, ಆಗ ವಿಚಾರಿಸುವಷ್ಟು ವ್ಯವಧಾನ ಇರಲಿಲ್ಲ. ಬೈಕಿನ ಕೆಳಗೆ ತಲೆ ಬಗ್ಗಿಸಿ ಕಾರ್ಬುರೇಟರ್ ಕೂರಿಸುತ್ತ ಇವನ ವಂಶವನ್ನೆಲ್ಲ ಜಾಲಾಡಿದೆ. ಮೋಸಗಾರ, ಹೇಡಿ, ಬೆನ್ನು ತೋರಿಸಿ ಓಡಿದವನು, ನಿನ್ನ ಬಾಯಿಗೆ ಮಣ್ಣು ಬೀಳ. ಮೆಲ್ಲಗೇನೂ ಬೈಯಲಿಲ್ಲ. ಪಕ್ಕದ ಅಂಗಡಿಯಲ್ಲಿ ಚಿಕ್ಕಪ್ಪ ಕೆಮ್ಮಿದ್ದು ಕೇಳಿಸಿತು. ಇವನು ಮಾತ್ರ ಕಮಕ್ ಕಿಮಕ್ ಅನ್ನದೆ ಕೂತಿದ್ದ. ಎಮ್ಮೆ ಚರ್ಮ ಎಂದುಕೊಂಡೆ.

ಎಂಜಿನ್ ಸ್ಟಾರ್ಟ್ ಮಾಡಿ ಮೊದಲು ಸರಿಯಾಗಿಯೇ ಹದ ಮಾಡಿದೆ. ಅಪ್ಪನ ಮಗಳಲ್ಲವೇ, ಸರಿ ಯಾವುದು ಎಂದು ಕಿವಿಯಾರೆ ಕೇಳದೆ ಕೆಡಿಸುವುದಕ್ಕೂ ಕೈ ಬರುವುದಿಲ್ಲ. ಏರ್ ಸ್ಕ್ರೂ ಎನ್ನುವ ಪುಟ್ಟ ಹಿತ್ತಾಳೆ ತಿರುಪು ಗಾಳಿ ಮತ್ತು ಪೆಟ್ರೋಲಿನ ಹದ ನೋಡಿಕೊಳ್ಳುತ್ತದೆ. ಪೆಟ್ರೋಲು ಹೆಚ್ಚಾದರೆ ಕಪ್ಪು ಹೊಗೆ ಬಂದು ಯಾರಿಗೆ ಬೇಕಾದರೂ ಕಾಣುತ್ತದೆ. ಗಾಳಿ ಹೆಚ್ಚಾದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಎಂಜಿನ್ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಕಿವಿಗೆ ಮಾತ್ರ ಗೊತ್ತಾಗುವ ಕಾಯಿಲೆ.

ಗಾಳಿ ಹೆಚ್ಚಾಗಲಿ ಎಂದು ಸ್ಕ್ರೂವನ್ನು ಅರ್ಧ ಸುತ್ತು ಜಾಸ್ತಿ ಹೊರಕ್ಕೆ ತಿರುಗಿಸಿದೆ.

ನಿಜ ಹೇಳಬೇಕೆಂದರೆ ಅವನು ತಕ್ಷಣ ಎದ್ದು ನಿಂತು ಕೂಗಾಡಲಿ ಎಂದೇ ನನ್ನ ಆಸೆ. ಇದೇನೇ ಇದು, ಹೀಗಾ ಮಾಡೋದು ಎಂದು ಅವನು ಬಾಯಿ ತೆಗೆದರೆ ಮೂರು ವರ್ಷದ ಬಾಕಿಯನ್ನೆಲ್ಲ ಅವನ ಮುಖಕ್ಕೆ ಎಸೆಯಬಹುದಿತ್ತು. ಎಂಜಿನ್ ಏದುಸಿರು ಬಿಡುತ್ತಿತ್ತು. ನಾನು ಮುಖವನ್ನು ಪ್ರಶಾಂತವಾಗಿಟ್ಟುಕೊಂಡು, ತುಟಿಯಲ್ಲಿ ಒಂದು ನಗು ಅಂಟಿಸಿಕೊಂಡು ಕಾದೆ.

ಅವನು ನನ್ನ ಮುಖ ನೋಡಿದ. ಹಣೆ, ಹುಬ್ಬು, ತುಟಿ, ಎಲ್ಲವನ್ನೂ ನಿಧಾನವಾಗಿ ನೋಡಿದ. ಅವನ ಭುಜ ಸಡಿಲವಾಯಿತು.

"ತುಂಬಾ ಚೆನ್ನಾಗಿದೆ," ಅಂದ. "ನಿನ್ನ ಕೈ ಮೇಸ್ತ್ರಿ ಕೈ ಥರಾನೇ."

ಹೇಳಿ, ಗಾಡಿ ಏರಿ ಹೊರಟೇಹೋದ! ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡು ಗರ ಬಡಿದವಳ ಹಾಗೆ ನಿಂತಿದ್ದೆ.

ಒಳಗಿನಿಂದ ಅಪ್ಪನ ಧ್ವನಿ ಬಂತು. ಮಂಡಿ ಕೈಕೊಟ್ಟ ಮೇಲೆ ಅಪ್ಪ ಅಂಗಡಿಯ ಹಿಂದಿನ ಕೋಣೆಯಲ್ಲೇ ಇರುತ್ತಾರೆ, ಆದರೆ ಬೀದಿಯ ಒಂದು ಎಂಜಿನ್ನೂ ಅವರಿಂದ ತಪ್ಪಿಸಿಕೊಳ್ಳುವುದಿಲ್ಲ.

"ಯಾವುದೇ ಅದು, ಉಬ್ಬಸ ಬಂದಿರೋ ಗಾಡಿ? ಹಾಗೇ ಕಳಿಸಿಬಿಟ್ಯಾ?"

"ಗಿರಾಕಿ ಚೆನ್ನಾಗಿದೆ ಅಂದ್ರು ಅಪ್ಪ."

"ಯಾವ ಗಿರಾಕಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ. ಬೈಯುತ್ತಾರೆ ಎಂದು ಕಾಯುತ್ತಿದ್ದೆ.

"ಅವನಾ?" ಅಂದರು. "ಅವನು ಆ ಎಂಜಿನ್ ಮುಂದೆ ಕೂತು ಚೆನ್ನಾಗಿದೆ ಅಂದ್ನಾ? ಹಾಗಿದ್ರೆ ಅವನಿಗೆ ಕೇಳಿಸಿಲ್ಲ, ಮಗಳೇ. ಅವನ ಕಿವಿ ಹೋಗಿದೆ."

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಕಿವಿಯ ಮೇಲೆ ಇಳಿಬಿಟ್ಟ ಕೂದಲು. ಬೆಳಕಿಗೆ ಸರಿಸಿಕೊಂಡ ಸ್ಟೂಲು. ನನ್ನ ತುಟಿಯ ಮೇಲಿನ ಕಣ್ಣು. ನಾನು ಬೈದ ಬೈಗುಳಕ್ಕೆ ಅಲ್ಲಾಡದ ಮುಖ. ಅಯ್ಯೋ ನನ್ನ ಕರ್ಮವೇ! ಅವನು ನನ್ನ ಮಾತನ್ನು ನೋಡುತ್ತಿದ್ದ.

ಈಗಲೇ ಓಡಿಹೋಗಿ ಸ್ಕ್ರೂ ಸರಿಮಾಡಿ ಬರೋಣ ಅನ್ನಿಸಿತು. ಆದರೆ ಅದರ ಬೆನ್ನಿಗೇ ಸಿಟ್ಟು ಇಮ್ಮಡಿಯಾಗಿ ಉಕ್ಕಿತು. ಕಿವಿ ಹೋದರೆ ಹೋಗಲಿ, ಬಾಯಿ ಇತ್ತಲ್ಲ? ಹೇಳಬಹುದಿತ್ತಲ್ಲ? ಹೇಳದೆ ಕೇಳದೆ ನನ್ನನ್ನು ಬೀದಿಯ ಮುಂದೆ ಬೆಪ್ಪುತಕ್ಕಡಿ ಮಾಡಿ ಹೋದದ್ದು ಕಿವಿಯಲ್ಲ, ಕಾಲು. ನಾಳೆ ಅನುಭವಿಸಲಿ ಎಂದುಕೊಂಡೆ. ಹಾಗೆ ಅಂದುಕೊಂಡೇ ಊಟಕ್ಕೆ ಕೂತೆ, ತಟ್ಟೆಯನ್ನು ಹಾಗೆಯೇ ಎತ್ತಿಟ್ಟೆ.

ಬೆಳಿಗ್ಗೆ ಎದ್ದು ಸ್ಕ್ರೂಡ್ರೈವರನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಅವನನ್ನು ಉಳಿಸಲು ಹೋಗುತ್ತಿದ್ದೇನೋ, ಅವನು ಬೀಳುವುದನ್ನು ಕಣ್ಣಾರೆ ನೋಡಲು ಹೋಗುತ್ತಿದ್ದೇನೋ ನನಗೇ ತಿಳಿದಿರಲಿಲ್ಲ.

ಟ್ರೈನಿಂಗ್ ಸೆಂಟರಿನ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಊರಿನ ಮೆಕ್ಯಾನಿಕ್‌ಗಳೆಲ್ಲ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಪುಕ್ಕಟೆ ಟೀ ಸಿಗುತ್ತದೆಂದು ಪಂಕ್ಚರ್ ಚಿಕ್ಕಪ್ಪನೂ ಬಂದಿದ್ದರು. ನಡುವೆ ಬೈಕು. ಅದರ ಪಕ್ಕದಲ್ಲಿ ಅವನು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಪ್ರಿನ್ಸಿಪಾಲ್ ಮೇಡಂ ಶುರುಮಾಡಿ ಎಂದು ಕೈಸನ್ನೆ ಮಾಡಿದರು. ನಾನು ಗೇಟು ದಾಟುವಷ್ಟರಲ್ಲಿ ಕಿಕ್ ಹೊಡೆದಾಗಿತ್ತು.

ಎಂಜಿನ್ ಏರಿತು, ಇಳಿಯಿತು, ಏರಿತು.

ಅವನು ಎಲ್ಲರ ಕಡೆ ತಿರುಗಿ ನಗುತ್ತ, "ಸರಿಯಾದ ಐಡ್ಲಿಂಗ್ ಅಂದ್ರೆ ಹೀಗಿರಬೇಕು, ಕೇಳಿ," ಅಂದ.

ಮೊದಲು ಒಬ್ಬ ನಕ್ಕ. ಆಮೇಲೆ ಒಂದು ಸಾಲು. ಆಮೇಲೆ ಎಲ್ಲರೂ. "ಷೋರೂಮಲ್ಲಿ ಇದನ್ನೇ ಕಲಿತಿದ್ದಾ?" ಎಂದು ಯಾರೋ ಕೂಗಿದರು. ನನಗೆ ಬೇಕಾಗಿದ್ದ ನಗು ಇದೇ, ಬೇಕಾಗಿದ್ದ ಜನ ಇವರೇ. ಒಂದು ಕ್ಷಣ ಎದೆ ತಣ್ಣಗಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಆದರೆ ಅವನಿಗೆ ಯಾಕೆ ನಗುತ್ತಿದ್ದಾರೆ ಎಂದೇ ಗೊತ್ತಾಗಲಿಲ್ಲ. ತುಟಿಯ ನಗು ಹಾಗೇ ಇತ್ತು, ಕಣ್ಣು ಮಾತ್ರ ಒಬ್ಬೊಬ್ಬರ ಬಾಯನ್ನೂ ತಡಕಾಡುತ್ತ ಬಂತು. ಕೊನೆಗೆ ಗೇಟಿನ ಹತ್ತಿರ ನಾನು ಸಿಕ್ಕೆ. ಅವನ ಕಣ್ಣು ಅಲ್ಲಿಯೇ ನಿಂತಿತು.

ನನಗೆ ಆ ನೋಟ ತಡೆಯಲಾಗಲಿಲ್ಲ. ಕುರ್ಚಿಗಳ ನಡುವೆ ನುಗ್ಗಿ ಅವನ ಎದುರಿಗೆ ಹೋಗಿ ನಿಂತೆ. ಒಂದೊಂದೇ ಮಾತು ಬಿಡಿಸಿ ಹೇಳಿದೆ. "ಸರಿ ಇಲ್ಲ. ಏರಿಳೀತಿದೆ. ಬೇಕಂತಲೇ ನಾನೇ ಕೆಡಿಸಿದ್ದು."

ಹೇಳಿ, ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದು ಹಿಡಿದೆ. ಅವನು ಅದನ್ನು ನೋಡಿದ. ತೆಗೆದುಕೊಂಡು ಬೈಕಿನ ಪಕ್ಕ ಮಂಡಿಯೂರಿದ. ಆಮೇಲೆ ಅವನು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಎಂಜಿನ್ ಕಡೆ ನೋಡಲೇ ಇಲ್ಲ. ತಲೆಯೆತ್ತಿ ನನ್ನ ಮುಖ ನೋಡಿದ, ನೋಡುತ್ತಲೇ ಸ್ಕ್ರೂ ತಿರುಗಿಸಿದ.

ನಗು ನಿಂತಿತ್ತು. ಅವನು ಸ್ಕ್ರೂವನ್ನು ಒಳಗೆ ತಿರುಗಿಸಿದಂತೆ ಎಂಜಿನ್ನಿನ ಏದುಸಿರು ಕಡಿಮೆಯಾಯಿತು. ನನ್ನ ಹುಬ್ಬು ತಾನಾಗಿಯೇ ಸಡಿಲವಾಗುತ್ತಿದ್ದುದು ನನಗೇ ಗೊತ್ತಾಗುತ್ತಿತ್ತು. ಒಂಚೂರು ಜಾಸ್ತಿ ಹೋಯಿತು, ನನ್ನ ಮೂಗು ಸಿಂಡರಿಸಿತು. ಅವನು ಹಿಂದಕ್ಕೆ ತಂದ. ನಾನು ಬೇಕೆಂದರೆ ಈಗಲೂ ನಿನ್ನೆಯ ಹಾಗೆ ನಗು ಅಂಟಿಸಿಕೊಂಡು ಅವನನ್ನು ದಾರಿ ತಪ್ಪಿಸಬಹುದಿತ್ತು. ಅದು ಅವನಿಗೂ ಗೊತ್ತಿತ್ತು. ಆದರೂ ಕಣ್ಣು ಕೀಳಲಿಲ್ಲ. ಎಂಜಿನ್ ಹದಕ್ಕೆ ಬಂದು ಒಂದೇ ಸಮನೆ ಮಿಡಿಯತೊಡಗಿದಾಗ ನಾನು ಅಳುತ್ತಿದ್ದೆ. ಅವನು ಸ್ಕ್ರೂ ಬಿಟ್ಟು ಕೈ ತೆಗೆದ.

ಚಿಕ್ಕಪ್ಪ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲ್ ಮೇಡಂ ತಟ್ಟಲಿಲ್ಲ. ಅವನ ಎದುರಿಗೆ ಬಂದು, "ನಿಮಗೆ ಕಿವಿ ಕೇಳಿಸಲ್ವಾ?" ಎಂದು ಕೇಳಿದರು.

"ಇಲ್ಲ ಮೇಡಂ," ಅಂದ. ಆ ಮಾತನ್ನು ಅವನು ಹತ್ತು ಜನರ ಮುಂದೆ ಹೇಳಿದ್ದು ಅದೇ ಮೊದಲು.

"ಕೆಲಸ ಚೆನ್ನಾಗೇ ಗೊತ್ತಿದೆ ನಿಮಗೆ. ಆದ್ರೆ ಕ್ಲಾಸಲ್ಲಿ ಯಾರ ಮುಖ ನೋಡ್ಕೊಂಡು ಪಾಠ ಮಾಡ್ತೀರಾ? ಬೇಜಾರು ಮಾಡ್ಕೋಬೇಡಿ."

ಅಷ್ಟೇ. ಕೆಲಸ ಹೋಯಿತು. ಅವನು ಎಂಜಿನ್ ಆಫ್ ಮಾಡಿ ಗಾಡಿ ತಳ್ಳಿಕೊಂಡು ಗೇಟಿನಾಚೆ ನಡೆದ. ನಾನು ಹಿಂದೆಯೇ ಓಡಿದೆ. ಬೆನ್ನಿಗೆ ಕೂಗಿ ಪ್ರಯೋಜನವಿಲ್ಲ ಎಂದು ನೆನಪಾಗಿ ಮುಂದಕ್ಕೆ ಹೋಗಿ ಹ್ಯಾಂಡಲ್ ಹಿಡಿದು ಅಡ್ಡ ನಿಂತೆ.

"ಸೇಡು ತೀರ್ತಾ?" ಅಂದ.

"ಎಲ್ಲಿ ತೀರುತ್ತೆ? ಕಿವಿ ಹೋಯ್ತು ಅಂತ ನಂಗೆ ಹೇಳೋಕೆ ಏನು ಧಾಡಿಯಾಗಿತ್ತು ನಿಂಗೆ?"

"'ಸರ್' ಹೋಗಿ 'ನೀನು' ಆಯ್ತಲ್ಲ, ಸದ್ಯ."

"ಮಾತು ಮರೆಸಬೇಡ!"

ಅವನು ಗಾಡಿಗೆ ಸ್ಟ್ಯಾಂಡ್ ಹಾಕಿದ. ಕೂದಲು ಸರಿಸಿ ಕಿವಿಯ ಹಿಂದಿನ ಪುಟ್ಟ ಮೆಷಿನ್ ತೋರಿಸಿದ. "ಇದನ್ನ ಹಾಕ್ಕೊಂಡ್ರೂ ಎಂಜಿನ್ ಬರೀ ಗದ್ದಲ. ಮೇಸ್ತ್ರಿ ಹತ್ರ ಇದ್ದಾಗಲೇ ಇಳೀತಾ ಬಂದಿತ್ತು. ಕೊನೆಗೆ ಒಂದಷ್ಟು ತಿಂಗಳು ನಿನ್ನ ಮುಖ ನೋಡ್ಕೊಂಡೇ ಟ್ಯೂನ್ ಮಾಡ್ತಿದ್ದೆ. ನಿನ್ನ ಹುಬ್ಬು ಗಂಟಾದ್ರೆ ತಿರುಗಿಸ್ತಿದ್ದೆ, ಬಿಟ್ರೆ ನಿಲ್ಲಿಸ್ತಿದ್ದೆ. ಮೇಸ್ತ್ರಿ ಎಲ್ಲರ ಮುಂದೆ ಇವನ ಕಿವಿ ಚುರುಕು ಅಂತ ಹೊಗಳಿ ಬೆಂಚು, ಮಗಳು ಎರಡೂ ಕೊಟ್ರಲ್ಲ, ಅವತ್ತು ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಇಲ್ಲದ ಕಿವಿಗೆ ಕೊಟ್ಟ ಬಹುಮಾನ ಅದು. ಷೋರೂಮಲ್ಲಿ ಟ್ಯೂನ್ ಮಾಡೋ ಮೆಷಿನ್ ಇತ್ತು, ಅದರ ಮುಳ್ಳು ನೋಡಿದ್ರೆ ಸಾಕಿತ್ತು. ಓಡಿಹೋದೆ."

ನಾನು ಕೇಳಬೇಕಾದ್ದು ಬೇರೆಯೇ ಇತ್ತು. "ಹಾಗಿದ್ರೆ ಬೆಂಚಿನ ಆಚೆಯಿಂದ ನನ್ನನ್ನ ಹಾಗೆ ನೋಡ್ತಿದ್ದೆಯಲ್ಲ, ಅದೆಲ್ಲ ಎಂಜಿನ್‌ಗಾ?"

"ಅರ್ಧ."

"ಇನ್ನರ್ಧ?"

"ಎಂಜಿನ್ ಆಫ್ ಆದ ಮೇಲೂ ನೋಡ್ತಿದ್ನಲ್ಲ," ಅಂದ. "ನಿನ್ನೆನೂ ಅಷ್ಟೇ. ಬೇರೆ ಯಾರು ಮಾಡಿದ್ರೂ ಟ್ಯಾಂಕ್ ಮೇಲೆ ಕೈಯಿಟ್ಟು ಎಂಜಿನ್ನಿನ ನಡುಕ ನೋಡ್ತೀನಿ. ನಿನ್ನ ಕೆಲಸಕ್ಕೆ ನೋಡ್ಬೇಕು ಅನ್ನಿಸಲಿಲ್ಲ."

ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಸೇಡು ತೀರಿಸಿಕೊಳ್ಳಲು ಹೋದ ನನ್ನನ್ನು ಒಂದೇ ಮಾತಿನಲ್ಲಿ ಮಕಾಡೆ ಮಲಗಿಸಿಬಿಟ್ಟ.

"ಹೇಳಿದ್ರೆ ಅಯ್ಯೋ ಪಾಪ ಅಂತೀಯೇನೋ ಅಂತ ಹೆದರಿದ್ದೆ," ಅಂದ.

"ನಾನಾ? ಪಾಪ ಅನ್ನೋಳ ಮುಖನಾ ಇದು?"

ಅವನು ನೋಡಿದ. ಬಂದಾಗಿನಿಂದ ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕ. "ಅಲ್ಲ. ಖಂಡಿತ ಅಲ್ಲ."

"ಸರಿಯಾಗಿ ನೋಡ್ಕೋ, ಒಂದೇ ಸಲ ಹೇಳ್ತೀನಿ," ಅಂದೆ, ಅವನ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿ. "ಮೂರು ವರ್ಷ ದಿನಾ ನಿನ್ನನ್ನ ಬೈದಿದ್ದೀನಿ. ಬೇರೆ ಯಾರನ್ನೂ ಅಷ್ಟು ಬೈಯೋಕೆ ಮನಸ್ಸೇ ಬರಲಿಲ್ಲ. ನಿನ್ನ ಮೇಲೆ ಇರೋ ಸಿಟ್ಟೂ ಹೋಗಲ್ಲ, ಪ್ರೀತಿನೂ ಹೋಗಲ್ಲ. ನಿನ್ನ ಕೆಲಸ ಕಳೆದವಳು ನಾನು. ನನ್ನ ಎದುರಿನ ಸ್ಟೂಲ್ ಖಾಲಿ ಇದೆ. ನೀನು ಬಿಚ್ಚು, ತೊಳಿ, ಕೂರಿಸು, ನಾನು ಕೇಳ್ತೀನಿ. ಪಾಪ ಅಂತ ಕರೀತಿಲ್ಲ, ಗೊತ್ತಾಯ್ತಾ? ನೀನಿಲ್ಲದೆ ನನಗೆ ಸುಖ ಇಲ್ಲ, ಅದಕ್ಕೆ ಕರೀತಿದ್ದೀನಿ."

ಅವನು ಬಹಳ ಹೊತ್ತು ನನ್ನ ತುಟಿಯ ಮೇಲೆ ಕಣ್ಣಿಟ್ಟಿದ್ದ. ಮಾತು ಮುಗಿದಿತ್ತು, ಆದರೂ ಇಟ್ಟಿದ್ದ. ಆಮೇಲೆ ನನ್ನ ಕೈಯನ್ನು ತನ್ನ ಗಲ್ಲದಿಂದ ಬಿಡಿಸಿ, ಬಿಡದೆ ಹಿಡಿದುಕೊಂಡ.

"ಮೇಸ್ತ್ರಿ?" ಎಂದು ಕೇಳಿದ.

"ಅಪ್ಪ ಅಲ್ಲೇ ಕೂತಿದ್ದಾರೆ, ಸುಮ್ಮನೆ ಬಿಡ್ತಾರಾ? ನಡಿ. ಬೀದಿಯವರೆಲ್ಲ ಬರಲಿ, ಎಲ್ಲರ ಮುಂದೆ ಬೈಸ್ಕೋಬೇಕು ನೀನು."

"ಅವರು ಬೈಯೋದು ನನಗೆ ಕೇಳಿಸಲ್ವಲ್ಲ."

"ಅದಕ್ಕೇ ನಾನಿರೋದು," ಅಂದೆ. "ನಿನ್ನ ಎದುರಿಗೆ ನಿಂತ್ಕೊಂಡು ಒಂದು ಬೈಗುಳನೂ ಬಿಡದೆ ನಿಧಾನವಾಗಿ ಬಿಡಿಸಿ ಹೇಳ್ತೀನಿ."